ನೀಲಿ ಎಲೆಯ ಹೋಸ್ಟವೂ ಬೀದರಿನ ನೆರಳೂ

ಗಿಡವೊಂದನ್ನು ಬೆಳೆಸಬೇಕೆಂಬ ಆಸೆ ಹುಟ್ಟುವುದು ಕಣ್ಣಿನಿಂದ. ಅದು ಈಡೇರುವುದು ಮಾತ್ರ ಮಣ್ಣು, ನೀರು, ಹವೆಗಳ ಒಪ್ಪಿಗೆಯಿಂದ. ಇವೆರಡರ ನಡುವಣ ಅಂತರವನ್ನು ಅರಿಯದೆ ಹಣವನ್ನೂ ಉತ್ಸಾಹವನ್ನೂ ಕಳೆದುಕೊಳ್ಳುವವರು ಬಹು ಮಂದಿ. ತೋಟಗಾರಿಕೆಯ ಚಿತ್ರಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡು ಇಂತಹ ಆಸೆಯನ್ನು ಹುಟ್ಟಿಸುವ ಗಿಡಗಳಲ್ಲಿ ಹೋಸ್ಟ ಒಂದು. ಮೊರದಗಲದ ಎಲೆಗಳು, ಎಲೆಯ ಮೈಯೆಲ್ಲ ನಿರಿಗೆ, ಬಣ್ಣ ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ತಂಪಾದ ಛಾಯೆ. ಬಿಸಿಲಿಗೆ ಬೇಸತ್ತ ಕಣ್ಣಿಗೆ ಅದು ಹಬ್ಬವೇ ಸರಿ. ಬೀದರ, ಭಾಲ್ಕಿ, ಔರಾದ್‌ಗಳ ವಿದ್ಯಾರ್ಥಿಯೊಬ್ಬನು ಆ ಚಿತ್ರವನ್ನು ನೋಡಿ, ‘ನಮ್ಮ ಹಿತ್ತಿಲ ಬೇವಿನ ನೆರಳಿನಲ್ಲಿ ಇದನ್ನೇಕೆ ಬೆಳೆಸಬಾರದು?’ ಎಂದು ಕೇಳಿದರೆ ಆ ಪ್ರಶ್ನೆ ಸಹಜವೂ ಹೌದು, ಯೋಗ್ಯವೂ ಹೌದು. ನನ್ನ ಉತ್ತರವಿಷ್ಟು: ಹೋಸ್ಟವನ್ನು ಬೀದರಿಗೆ ತರುವ ಸಾಹಸ ಬೇಡ, ಆದರೆ ಅದು ಅಲ್ಲಿ ಏಕೆ ಬಾಳಲಾರದೆಂಬುದನ್ನು ತಿಳಿಯದೆ ಬಿಡುವುದೂ ಬೇಡ. ಆ ತಿಳಿವಳಿಕೆಯಿಂದಲೇ ನಮ್ಮ ನೆರಳಿಗೆ ಒಪ್ಪುವ ತೋಟ ಯಾವುದೆಂಬುದು ಗೊತ್ತಾಗುತ್ತದೆ.

ಮೊದಲು ಗಿಡದ ಪರಿಚಯವನ್ನು ಮಾಡಿಕೊಳ್ಳೋಣ. ಹೋಸ್ಟ ಕುಲದ ತವರು ಜಪಾನ್, ಕೊರಿಯ, ಚೀನ ಮತ್ತು ರಷ್ಯದ ಪೂರ್ವದಂಚು. ಅಲ್ಲಿಯ ಬೆಟ್ಟದ ಕಾಡುಗಳ ಅಂಚಿನಲ್ಲಿ, ತೊರೆಗಳ ದಡದಲ್ಲಿ, ನೀರು ಜಿನುಗುವ ಬಂಡೆಗಳ ನಡುವೆ ಇದು ತಾನಾಗಿ ಬೆಳೆಯುತ್ತದೆ. ಜಪಾನಿನಲ್ಲಿ ಇದರ ಎಳೆಯ ಮೊಳಕೆಯನ್ನು ವಸಂತಕಾಲದ ಸೊಪ್ಪಾಗಿ ತಿನ್ನುವ ರೂಢಿಯೂ ಉಂಟು. ಆಸ್ಟ್ರಿಯದ ಸಸ್ಯವಿಜ್ಞಾನಿ ನಿಕೊಲಾಸ್ ತೋಮಸ್ ಹೋಸ್ಟನ (1761–1834) ಗೌರವಾರ್ಥವಾಗಿ ಈ ಕುಲಕ್ಕೆ 1812ರಲ್ಲಿ ಅವನ ಹೆಸರನ್ನಿಡಲಾಯಿತು. ಜಪಾನಿನಲ್ಲಿ ವೈದ್ಯನಾಗಿದ್ದ ಫಿಲಿಪ್ ಫ್ರಾಂಟ್ಸ್ ಫಾನ್ ಸೀಬೋಲ್ಟನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೆಲವು ಹೋಸ್ಟಗಳನ್ನು ಯೂರೋಪಿಗೆ ತಂದನು. ಅವನ ಹೆಸರನ್ನು ಹೊತ್ತಿರುವ ಜಾತಿಯಿಂದ ಜರ್ಮನಿಯ ಗೇಯೋರ್ಗ್ ಆರೆಂಡ್ಸ್ ಎಂಬ ತೋಟಗಾರನು 1905ರಲ್ಲಿ ‘ಎಲೆಗನ್ಸ್’ ಎಂಬ ಪ್ರಸಿದ್ಧ ತಳಿಯನ್ನು ಹೊರತಂದನು. ಇಂದು ಕಾಣುವ ದೊಡ್ಡ ನೀಲಿ ಹೋಸ್ಟಗಳಲ್ಲಿ ಅನೇಕವು ಇದರ ಮನೆತನದವೇ. ಪೂರ್ಣವಾಗಿ ಬೆಳೆದ ಗಿಡ ಒಂದು ಮೀಟರಿಗೂ ಮಿಗಿಲಾಗಿ ಹರಡಿಕೊಳ್ಳುತ್ತದೆ. ಆದರೆ ಆ ನಿಲುವನ್ನು ಮುಟ್ಟಲು ಅದಕ್ಕೆ ಐದಾರು ವರ್ಷಗಳೇ ಬೇಕು.

ಈ ನೀಲಿ ಎಲ್ಲಿಂದ ಬಂದಿತು? ಎಲೆಯೊಳಗೆ ನೀಲಿ ವರ್ಣದ್ರವ್ಯವೇನೂ ಇಲ್ಲ. ಒಳಗಿರುವುದು ಎಲ್ಲ ಗಿಡಗಳಲ್ಲಿಯೂ ಇರುವ ಪತ್ರಹರಿತ್ತೇ. ಎಲೆಯ ಹೊರಮೈ ಮೇಲೆ ಗಿಡವು ಮೇಣದ ಅತಿ ಸೂಕ್ಷ್ಮವಾದ ಹುಡಿಯೊಂದನ್ನು ಹೊರಸೂಸುತ್ತದೆ. ಆ ಕಣಗಳು ಬೆಳಕಿನಲ್ಲಿಯ ನೀಲಿಯ ಭಾಗವನ್ನು ಹೆಚ್ಚಾಗಿ ಚದರಿಸುತ್ತವೆ. ಕೆಳಗಿನ ಹಸಿರಿನೊಡನೆ ಅದು ಬೆರೆತು ನಮ್ಮ ಕಣ್ಣಿಗೆ ಮಂಜುಗವಿದ ನೀಲಿಯಂತೆ ತೋರುತ್ತದೆ. ಬೆರಳಿನಿಂದ ಒಮ್ಮೆ ಒರಸಿದರೆ ಸಾಕು, ನೀಲಿ ಅಳಿಸಿಹೋಗಿ ಹಸಿರು ಹೊರಬೀಳುತ್ತದೆ. ಬಿರುಸಾದ ಮಳೆ ಮತ್ತು ಬಿಸಿಲಿನ ತಾಪಗಳೂ ಇದನ್ನೇ ಮಾಡುತ್ತವೆ. ಆದುದರಿಂದಲೇ ಚಳಿನಾಡುಗಳಲ್ಲಿಯೂ ನೀಲಿ ಹೋಸ್ಟವು ವಸಂತದಲ್ಲಿ ನೀಲಿಯಾಗಿದ್ದು ಬೇಸಗೆ ಮುಗಿಯುವ ಹೊತ್ತಿಗೆ ಹಸಿರಿಗೆ ತಿರುಗುವುದುಂಟು.

ಇದನ್ನು ಪ್ರತ್ಯಕ್ಷವಾಗಿ ನೋಡಲು ಹೋಸ್ಟವೇ ಬೇಕೆಂದಿಲ್ಲ. ಬೂದುಗುಂಬಳದ ಮೇಲಿನ ಬೂದಿ ಇಂತಹುದೇ ಮೇಣ. ಎಲೆಕೋಸಿನ ಹೊರಗಿನ ಎಲೆಯ ಮೇಲೆ ಅದನ್ನು ಕಾಣಬಹುದು. ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ನಿಂತ ಜೋಳದ ದಂಟನ್ನು ಹಿಡಿದು ನೋಡಿ. ದಂಟನ್ನು ಸುತ್ತಿಕೊಂಡ ಎಲೆಯ ಬುಡದಿಂದ ಬಿಳಿಯ ಹುಡಿ ಕೈಗೆ ಅಂಟುತ್ತದೆ. ಅದೂ ಮೇಣವೇ. ಜೋಳವು ಒಣಭೂಮಿಯಲ್ಲಿ ತಾಳಿ ನಿಲ್ಲುವುದಕ್ಕೆ ಇರುವ ಕಾರಣಗಳಲ್ಲಿ ನೀರು ಆವಿಯಾಗದಂತೆ ತಡೆಯುವ ಈ ಹೊದಿಕೆಯೂ ಒಂದು. ದೂರದ ಗಿಡದ ಸೌಂದರ್ಯವೆಂದು ನಾವು ಬೆರಗಾಗುವ ವಸ್ತು ನಮ್ಮ ರೊಟ್ಟಿಯ ಬೆಳೆಯ ಮೈಮೇಲೆಯೇ ಇದೆಯೆಂಬುದು ಸ್ವಾರಸ್ಯವಲ್ಲವೇ?

ಇನ್ನೂ ಒಂದು ಸ್ವಾರಸ್ಯವುಂಟು. ಹೋಸ್ಟದ ಹತ್ತಿರದ ನೆಂಟನೊಬ್ಬನು ನಮ್ಮ ಬದುಗಳ ಮೇಲೆ, ರೈಲುದಾರಿಯ ಬೇಲಿಗಳಲ್ಲಿ ಬಹಳ ಕಾಲದಿಂದ ನಿಂತಿದ್ದಾನೆ. ಅವನೇ ಕತ್ತಾಳೆ. ನೋಟಕ್ಕೆ ಇವೆರಡಕ್ಕೂ ಅಜಗಜಾಂತರ. ಆದರೆ ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸಿದಾಗ ಹೋಸ್ಟದಲ್ಲಿ 60 ಇರುವುದೂ, ಅವುಗಳಲ್ಲಿ ಕೆಲವು ಮಾತ್ರ ದೊಡ್ಡವಾಗಿದ್ದು ಉಳಿದವೆಲ್ಲ ಬಹು ಚಿಕ್ಕವಾಗಿರುವುದೂ ಕಂಡುಬಂದಿತು. ಕತ್ತಾಳೆಯ ಕುಲದಲ್ಲಿಯೂ ಇದೇ ವಿನ್ಯಾಸ. ಈಚಿನ ದಶಕಗಳಲ್ಲಿ ನಡೆದ ಡಿ.ಎನ್.ಎ. ಪರೀಕ್ಷೆಗಳು ಈ ನಂಟನ್ನು ಖಚಿತಪಡಿಸಿವೆ. ನಮ್ಮ ಸುಗಂಧರಾಜವೂ ಇದೇ ಬಳಗದ್ದು. ಶತಾವರಿ ಸ್ವಲ್ಪ ದೂರದ ದಾಯಾದಿ. ಕತ್ತಾಳೆಯ ಬೂದುನೀಲಿಯೂ ಮೇಣದಿಂದಲೇ ಬಂದದ್ದು. ಒಂದೇ ಮನೆತನದಲ್ಲಿ ಹುಟ್ಟಿ, ಒಂದೇ ಬಗೆಯ ಅಂಗಿ ತೊಟ್ಟು, ಒಬ್ಬನು ಮೆಕ್ಸಿಕೋದ ಬಿಸಿಲಿಗೆ ಒಗ್ಗಿದನು, ಇನ್ನೊಬ್ಬನು ಜಪಾನಿನ ಮಂಜಿಗೆ ಒಗ್ಗಿದನು. ಕತ್ತಾಳೆಯು ಹಗಲೆಲ್ಲ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಳ್ಳುತ್ತದೆ. ಹೋಸ್ಟಕ್ಕೆ ಈ ವಿದ್ಯೆ ಬಾರದು. ಅಂದಮೇಲೆ, ಗಿಡದ ಹೆಸರು, ಮನೆತನ, ಬಣ್ಣಗಳನ್ನು ನೋಡಿ ಅದು ಎಲ್ಲಿ ಬಾಳೀತೆಂದು ಹೇಳಲಾಗದು. ಅದರ ಜೀವನಕ್ರಮವನ್ನೇ ನೋಡಬೇಕು.

ಹೋಸ್ಟದ ಜೀವನಕ್ರಮದ ತಿರುಳು ಅದರ ನಿದ್ರೆಯಲ್ಲಿದೆ. ಶರತ್ಕಾಲ ಮುಗಿಯುತ್ತಿದ್ದಂತೆ ಅದರ ಎಲೆಗಳು ಹಳದಿಯಾಗಿ ಉದುರುತ್ತವೆ. ನೆಲದ ಮೇಲೆ ಏನೂ ಉಳಿಯುವುದಿಲ್ಲ. ಮಣ್ಣಿನೊಳಗಣ ಮೊಗ್ಗುಗಳು ಚಳಿಗಾಲವನ್ನೆಲ್ಲ ಸುಪ್ತಾವಸ್ಥೆಯಲ್ಲಿ ಕಳೆಯುತ್ತವೆ. ಅವು ಮತ್ತೆ ಚೆನ್ನಾಗಿ ಎಚ್ಚರಗೊಳ್ಳಬೇಕಾದರೆ ಕೆಲವು ವಾರಗಳ ಕಾಲ ಎಡೆಬಿಡದೆ 5 ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತಲಿನ ಅಥವಾ ಅದಕ್ಕೂ ಕೆಳಗಿನ ಶೈತ್ಯವನ್ನು ಅನುಭವಿಸಿರಬೇಕು. ಸೇಬಿನ ಮರಕ್ಕೂ ಇದೇ ನಿಯಮವಿದೆ. ಕಾಶ್ಮೀರ, ಹಿಮಾಚಲಗಳ ಸೇಬಿನ ತಳಿಗಳು ನಮ್ಮ ಬಯಲಿನಲ್ಲಿ ಫಲಕೊಡದಿರುವುದಕ್ಕೆ ಇದೇ ಮುಖ್ಯ ಕಾರಣ. ಈ ಏರ್ಪಾಡಿನ ಉದ್ದೇಶ ಸ್ಪಷ್ಟವಾಗಿದೆ. ಚಳಿಗಾಲದ ನಡುವೆ ನಾಲ್ಕು ದಿನ ಬೆಚ್ಚಗಾದ ಮಾತ್ರಕ್ಕೆ ಮೊಗ್ಗು ಮೋಸಹೋಗಿ ಚಿಗುರಿದರೆ ಮುಂದಿನ ಹಿಮಕ್ಕೆ ಅದು ಸಾಯುವುದು ಖಂಡಿತ. ಚಳಿಯ ಲೆಕ್ಕ ಮುಗಿಯುವ ತನಕ ಏಳದಿರುವುದೇ ಅದಕ್ಕೆ ಕ್ಷೇಮ.

ಬೀದರಿನ ಚಳಿ ಈ ಲೆಕ್ಕವನ್ನು ತುಂಬಬಲ್ಲದೇ? ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಡಿಸೆಂಬರ್, ಜನವರಿಗಳಲ್ಲಿ ಅಲ್ಲಿಯ ರಾತ್ರಿಗಳು ಕರ್ನಾಟಕದ ಬಯಲುಸೀಮೆಯಲ್ಲೆಲ್ಲ ಹೆಚ್ಚು ಚಳಿಯವೆಂದು ಹೆಸರಾಗಿವೆ. ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪೂರ್ವವೇನೂ ಅಲ್ಲ. ಆದರೆ ಅದು ಬೆಳಗಿನ ಜಾವದ ಕೆಲವು ಗಂಟೆಗಳ ಮಾತು. ಹೊತ್ತು ಏರಿದೊಡನೆ ಬಿಸಿಲು ಬೀಳುತ್ತದೆ, ಮಧ್ಯಾಹ್ನ 25 ಡಿಗ್ರಿಯನ್ನು ದಾಟುತ್ತದೆ, ಮಣ್ಣು ಬೆಚ್ಚಗಾಗುತ್ತದೆ. ಹೋಸ್ಟದ ಮೊಗ್ಗು ಕೇಳುವುದು ವಾರಗಟ್ಟಲೆ ಆರದ ಚಳಿಯನ್ನು; ನಾವು ಕೊಡಬಲ್ಲುದು ಗಂಟೆಗಳ ಚಳಿಯನ್ನು. ಸಾಲದುದಕ್ಕೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ, ಕೆಲವೊಮ್ಮೆ ಅದರಾಚೆಗೂ ಹೋಗುತ್ತದೆ. ಅರೆನಿದ್ರೆಯಲ್ಲಿ ಎದ್ದ ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗಿ, ಎಲೆ ಚಿಕ್ಕದಾಗಿ, ಕೊನೆಗೆ ಗಡ್ಡೆ ಕೊಳೆತು ಇಲ್ಲವಾಗುತ್ತದೆ.

‘ಫ್ರಿಜ್ಜಿನಲ್ಲಿಟ್ಟು ಮಲಗಿಸಿದರೆ ಆಗದೇ?’ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಬಹುದು. ಮಲಗಿಸಬಹುದು, ಬೆಚ್ಚನೆಯ ನಾಡುಗಳ ಕೆಲವು ಹವ್ಯಾಸಿಗಳು ಹಾಗೆ ಮಾಡುವುದೂ ಉಂಟು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಪ್ತಾವಸ್ಥೆಯ ಪಾಠಕ್ಕೆ ಅದೊಂದು ಒಳ್ಳೆಯ ಪ್ರಯೋಗವೇ ಆದೀತು. ಆದರೆ ಪ್ರಯೋಗ ಬೇರೆ, ತೋಟ ಬೇರೆ. ಹೀಗೆ ಎಬ್ಬಿಸಿದ ಗಿಡ ಕಣ್ಣುಬಿಟ್ಟು ನೋಡುವುದು ಮಾರ್ಚಿಯ ಬಿಸಿಗಾಳಿಯನ್ನು. ರಾತ್ರಿಯೂ ಆರದ ಸೆಕೆಯಲ್ಲಿ ಗಿಡದ ಉಸಿರಾಟ ಹೆಚ್ಚಿ, ಹಗಲು ದುಡಿದ ಸಕ್ಕರೆಯನ್ನು ಇರುಳು ಕರಗಿಸಿಬಿಡುತ್ತದೆ. ಪ್ರತಿವರ್ಷವೂ ಯಂತ್ರದ ಚಳಿ, ಪ್ರತಿದಿನವೂ ಕೊಡಗಟ್ಟಲೆ ನೀರು, ಇವುಗಳ ಮೇಲೆ ನಿಂತದ್ದನ್ನು ತೋಟವೆನ್ನುವುದಕ್ಕಿಂತ ಆಸ್ಪತ್ರೆಯೆನ್ನುವುದೇ ಸರಿಯಾದೀತು. ನೀರಿಗಾಗಿ ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುವ ಓಣಿಗಳುಳ್ಳ ಊರಿನಲ್ಲಿ ಇಂತಹ ಆಸ್ಪತ್ರೆಯನ್ನು ತೆರೆಯುವುದು ನ್ಯಾಯವೂ ಅಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನೂ ಹೇಳಬೇಕು. ನೀಲಿ ಹೋಸ್ಟದ ಬೀಜವೆಂದು ಮೊಬೈಲಿನ ಪರದೆಯ ಮೇಲೆ ಕಾಣುವ ಅಗ್ಗದ ಪೊಟ್ಟಣಗಳನ್ನು ಕೊಳ್ಳಬೇಡಿ. ಈ ತಳಿಗಳನ್ನು ಬೆಳೆಗಾರರು ಗಡ್ಡೆಯನ್ನು ಒಡೆದು ನೆಟ್ಟೋ, ಅಂಗಾಂಶ ಕೃಷಿಯಿಂದಲೋ ಹೆಚ್ಚಿಸುತ್ತಾರೆ. ಬೀಜದಿಂದ ಹುಟ್ಟಿದ ಸಸಿ ತಾಯಿಯ ಗುಣವನ್ನು ಹಾಗೆಯೇ ಪಡೆದೀತೆಂಬ ಭರವಸೆಯಿಲ್ಲ. ಪರದೇಶದಿಂದ ಗಿಡ ಅಥವಾ ಬೀಜವನ್ನು ತರಿಸುವುದಕ್ಕೆ ಭಾರತ ಸರ್ಕಾರದ 2003ರ ಸಸ್ಯ ಸಂಗರೋಧ ಆಜ್ಞೆಯ ಕಟ್ಟುಪಾಡುಗಳಿವೆ. ಹೊಸ ರೋಗವೊಂದು ಒಂದು ಪೊಟ್ಟಣದಲ್ಲಿ ಬಂದು ಇಡೀ ಸೀಮೆಯ ಬೆಳೆಯನ್ನು ಕೆಡಿಸಬಲ್ಲದು. ಆ ಕಟ್ಟುಪಾಡು ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ದೊಡ್ಡ ಎಲೆಯ ತಂಪಾದ ತೋಟದ ಆಸೆಯನ್ನೇ ಬಿಟ್ಟುಬಿಡಬೇಕೇ? ಖಂಡಿತ ಬೇಡ. ಅದಕ್ಕೆ ಮೊದಲು ನಮ್ಮ ನೆರಳನ್ನೂ ನೆಲವನ್ನೂ ಓದಿಕೊಳ್ಳಬೇಕು. ಬೀದರಿನ ಸುತ್ತ ತಾನಾಗಿ ನಿಂತ ಮರಗಳ ಎಲೆಗಳನ್ನು ಗಮನಿಸಿ: ಹುಣಸೆ, ಬೇವು, ಜಾಲಿ. ಎಲ್ಲವೂ ಸಣ್ಣ ಸಣ್ಣ ದಳಗಳಾಗಿ ಒಡೆದ ಎಲೆಗಳು. ಎಲೆ ಅಗಲವಾದಷ್ಟೂ ಅದರ ಮೈಗೆ ಅಂಟಿಕೊಂಡ ನಿಶ್ಚಲವಾದ ಗಾಳಿಯ ಪದರ ದಪ್ಪವಾಗುತ್ತದೆ. ಒಳಗಿನ ಕಾವು ಹೊರಹೋಗುವುದು ಕಷ್ಟವಾಗುತ್ತದೆ. ನೀರು ಹೇರಳವಾಗಿದ್ದರೆ ಬಾಷ್ಪವಿಸರ್ಜನೆಯಿಂದ ಎಲೆ ತಣ್ಣಗಾದೀತು, ಇಲ್ಲದಿದ್ದರೆ ಬೇಯುತ್ತದೆ. ಸಣ್ಣ ದಳಗಳ ಕಾವನ್ನಾದರೋ ಗಾಳಿಯೇ ಹೊತ್ತೊಯ್ಯುತ್ತದೆ. ಆದುದರಿಂದ ದೊಡ್ಡ ಎಲೆಗೆ ತಕ್ಕ ಸ್ಥಳ ನೆರಳೂ ತೇವವೂ ಕೂಡಿದ ಮೂಲೆ. ಬರಿಯ ನೆರಳು ಸಾಲದು. ದೊಡ್ಡ ಬೇವಿನ ಬುಡದ ನೆರಳು ಒಣನೆರಳು. ಅಲ್ಲಿಯ ತೇವವನ್ನೆಲ್ಲ ಮರದ ಬೇರುಗಳೇ ಹೀರಿರುತ್ತವೆ.

ಮಣ್ಣಿನ ವಿಷಯದಲ್ಲಿ ನಗರಕ್ಕೂ ತಾಲ್ಲೂಕುಗಳಿಗೂ ಭೇದವುಂಟು. ಬೀದರ ನಗರ ಕುಳಿತಿರುವುದು ಜಂಬಿಟ್ಟಿಗೆಯ ಮೇಲೆ. ಅದರ ಕೆಮ್ಮಣ್ಣು ನೀರನ್ನು ಬೇಗನೆ ಕೆಳಕ್ಕೆ ಬಿಡುತ್ತದೆ. ಆ ನೀರು ಜಂಬಿಟ್ಟಿಗೆಯ ತಳದಲ್ಲಿರುವ ಕಪ್ಪು ಲಾವಾಶಿಲೆಯನ್ನು ಮುಟ್ಟಿ, ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿಯುತ್ತದೆ. ಈ ಗುಟ್ಟನ್ನು ಅರಿತೇ ಬಹಮನಿಯರ ಕಾಲದಲ್ಲಿ ನೌಬಾದಿನಲ್ಲಿ ಕಾರೇಜ್ ಎಂಬ ಸುರಂಗ ಕಾಲುವೆಯನ್ನು ತೋಡಿದರು. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರೂ, ಗುರುನಾನಕ್ ಝೀರಾದ ಚಿಲುಮೆಯೂ ಇದೇ ನೆಲದ ಕೊಡುಗೆಗಳು. ಭಾಲ್ಕಿ, ಔರಾದ್‌ಗಳ ಬಹುಭಾಗ ಎರೆಮಣ್ಣು. ಅದು ಮಳೆಯಲ್ಲಿ ಉಬ್ಬಿ ಅಂಟಾಗುತ್ತದೆ, ಬೇಸಗೆಯಲ್ಲಿ ಕುಗ್ಗಿ ಅಂಗೈ ಹಿಡಿಸುವಷ್ಟು ಬಿರಿಯುತ್ತದೆ. ಬಿರಿಯುವಾಗ ಎಳೆಯ ಬೇರುಗಳು ಹರಿಯುತ್ತವೆ. ಆದುದರಿಂದ ಬೀದರಿನ ಕೆಮ್ಮಣ್ಣಿಗೆ ತೇವವನ್ನು ಹಿಡಿಯುವ ಎಲೆಗೊಬ್ಬರ ಬೇಕು. ಭಾಲ್ಕಿ, ಔರಾದ್‌ಗಳ ಎರೆಗೆ ನೀರು ಬಸಿದುಹೋಗುವಂತೆ ಏರುಮಡಿಯೂ, ಬಿರಿಯದಂತೆ ಒಣಎಲೆಯ ಹೊದಿಕೆಯೂ ಬೇಕು.

ಈ ನೆಲಕ್ಕೆ ಒಪ್ಪುವ ಎಲೆಗಿಡಗಳಿಗೂ ನಿದ್ರೆಯುಂಟೆಂಬುದು ನನಗೆ ಬಹಳ ಮುಖ್ಯವೆಂದು ತೋರುವ ಸಂಗತಿ. ಶುಂಠಿ ಬೀದರ ಜಿಲ್ಲೆಯ ಹೆಸರಾದ ಬೆಳೆ. ಶುಂಠಿ, ಅರಿಸಿನ, ಸುವರ್ಣಗಡ್ಡೆ ಇವೆಲ್ಲವೂ ಮಳೆ ನಿಂತು ನೆಲ ಒಣಗುತ್ತ ಬಂದಂತೆ ಎಲೆಗಳನ್ನು ಒಣಗಿಸಿಕೊಂಡು ಗಡ್ಡೆಯೊಳಗೆ ಅಡಗಿಕೊಳ್ಳುತ್ತವೆ. ಹೋಸ್ಟವು ಚಳಿಗೆ ಹೆದರಿ ಮಲಗಿದರೆ ಇವು ಒಣಹವೆಗೆ ಹೆದರಿ ಮಲಗುತ್ತವೆ. ಹೋಸ್ಟವನ್ನು ಎಬ್ಬಿಸಲು ಹಿಮಗಾಲ ಕಳೆಯಬೇಕು. ಇವನ್ನು ಎಬ್ಬಿಸಲು ಮುಂಗಾರಿನ ಗುಡುಗು ಸಾಕು. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆಯನ್ನು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಪಡೆಯುವ ಊರಿಗೆ ಇವುಗಳ ಪಂಚಾಂಗವೇ ಸರಿಯಾದದ್ದು. ಬೇಸಗೆಯಲ್ಲಿ ಮಲಗಿರುವ ಗಿಡ ನೀರನ್ನು ಕೇಳುವುದಿಲ್ಲವೆಂಬುದನ್ನೂ ನೆನೆಯಬೇಕು.

ಇವೆಲ್ಲಕ್ಕೂ ಮಿಗಿಲಾಗಿ ಹೋಸ್ಟದ ಸ್ಥಾನದಲ್ಲಿ ನಿಲ್ಲಬಲ್ಲುದು ಕೆಸವು. ಬೀದರಿನ ನಾಲ್ಕು ನುಡಿಗಳಲ್ಲಿಯೂ ಅದಕ್ಕೆ ಹೆಸರಿದೆ: ಕನ್ನಡಕ್ಕೆ ಕೆಸವು, ಮರಾಠಿಗೆ ಅಳೂ, ತೆಲುಗಿಗೆ ಚಾಮ, ಉರ್ದುವಿಗೆ ಅರ್ವಿ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ, ಗೋಡೆಯ ಅಥವಾ ಮರದ ಅರೆನೆರಳಿನಲ್ಲಿ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಮುಂಗಾರಿಗೆ ಮೊದಲು ಗಡ್ಡೆಯನ್ನು ಹೂಳಿದರೆ ಎರಡೇ ತಿಂಗಳಲ್ಲಿ ಅಗಲವಾದ ಎಲೆಗಳನ್ನು ಹರಡುತ್ತದೆ. ಐದಾರು ವರ್ಷ ಕಾಯಬೇಕಾಗಿಲ್ಲ. ಅದರ ಎಲೆಯ ಮೇಲೂ ಸೂಕ್ಷ್ಮವಾದ ಮೇಣವಿದೆ. ನೀರಿನ ಹನಿ ಅಂಟದೆ ಮುತ್ತಿನಂತೆ ಉರುಳಿಹೋಗುವುದು ಅದರಿಂದಲೇ. ಉರುಳುವ ಹನಿ ದೂಳನ್ನೂ ಎತ್ತಿಕೊಂಡು ಹೋಗುತ್ತದೆ. ತಾವರೆಯ ಎಲೆಯ ಈ ಗುಣವನ್ನು ಜರ್ಮನಿಯ ವಿಲ್‌ಹೆಲ್ಮ್ ಬಾರ್ಟ್‌ಲೋಟ್ ಮತ್ತು ಕ್ರಿಸ್ಟೋಫ್ ನೈನ್‌ಹೂಯಿಸ್ ಎಂಬ ವಿಜ್ಞಾನಿಗಳು 1997ರಲ್ಲಿ ವಿವರಿಸಿದ ಮೇಲೆ, ಕೊಳೆ ಹಿಡಿಯದ ಬಣ್ಣ ಮತ್ತು ಬಟ್ಟೆಗಳನ್ನು ಮಾಡುವ ಪ್ರಯತ್ನಗಳು ನಡೆದಿವೆ. ಆ ವಿದ್ಯೆಯ ಪಾಠಪುಸ್ತಕವೊಂದು ನಮ್ಮ ಬಚ್ಚಲ ಹಿಂದೆ ಬೆಳೆಯುತ್ತಿದೆ. ಒಂದು ಎಚ್ಚರಿಕೆ: ಕೆಸವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಹಸಿಯಾಗಿ ಬಾಯಿಗಿಟ್ಟರೆ ನಾಲಗೆ, ಗಂಟಲು ತುರಿಸುತ್ತವೆ. ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕಾಗಿಯೇ.

ನೀರುಣಿಸಲಾಗದ ಒಣನೆರಳಿಗೆ, ಹಾವಿನ ಮೈಯಂತೆ ಪಟ್ಟೆಗಳುಳ್ಳ ಎಲೆಯ ಸಾನ್ಸೆವಿಯೇರಿಯ ಇದೆ. ಇದರ ತವರು ಆಫ್ರಿಕ. ಹೋಸ್ಟಕ್ಕೆ ಇದೂ ದೂರದ ನೆಂಟ. ಇದನ್ನು ಹೇಳಲು ಕಾರಣವುಂಟು. ಪರದೇಶದ ಗಿಡವೆಂಬುದೇ ನನ್ನ ಆಕ್ಷೇಪಣೆಯೆಂದು ಯಾರೂ ಭಾವಿಸಬಾರದು. ಮೆಣಸಿನಕಾಯಿ, ಪೇರಲ, ಸೀತಾಫಲ, ಚೆಂಡುಹೂವು ಇವೆಲ್ಲವೂ ಅಮೆರಿಕ ಖಂಡದಿಂದ ಬಂದವು. ಇಂದು ಇವಿಲ್ಲದ ಬೀದರವನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಅವು ನೆಲೆಸಿದ್ದು ನಮ್ಮ ಬಿಸಿಲೂ ಮಳೆಯೂ ಅವುಗಳ ಜೀವನಕ್ರಮಕ್ಕೆ ಹೊಂದಿದುದರಿಂದ. ಗಿಡದ ಜನ್ಮಸ್ಥಾನವನ್ನು ಕೇಳುವುದಕ್ಕಿಂತ ಅದು ಯಾವಾಗ ಮಲಗುತ್ತದೆ, ಯಾವುದರಿಂದ ಏಳುತ್ತದೆ, ಎಷ್ಟು ನೀರು ಕುಡಿಯುತ್ತದೆ ಎಂದು ಕೇಳುವುದು ವೈಜ್ಞಾನಿಕವಾದ ರೀತಿ.

ಆದುದರಿಂದ ನನ್ನ ಸಲಹೆ ಇದು. ಬೀದರ, ಭಾಲ್ಕಿ, ಔರಾದ್‌ಗಳ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ತನ್ನ ಆವರಣದ ಒಂದು ನೆರಳಿನ ಮೂಲೆಯನ್ನು ಎಲೆಗಿಡಗಳ ತೋಟವನ್ನಾಗಿ ಮಾಡಲಿ. ಕುಡಿಯುವ ನೀರಿನ ನಲ್ಲಿಯಿಂದ ಸೋರಿಹೋಗುವ ನೀರನ್ನು ಅಲ್ಲಿಗೆ ತಿರುಗಿಸಿದರೆ ಸಾಕು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಬೀದರಿನಲ್ಲಿಯೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಕಿರಿಯರಿಗೆ ದಾರಿ ತೋರಬಹುದು. ಮರದಡಿಯಲ್ಲಿಯೂ ಬಯಲಿನಲ್ಲಿಯೂ ಒಂದೊಂದು ಉಷ್ಣಮಾಪಕವನ್ನಿಟ್ಟು ವರ್ಷವಿಡೀ ದಿನಕ್ಕೆ ಎರಡು ಬಾರಿ ಬರೆದಿಡಲಿ. ಗೇಣುದ್ದದ ಗುಂಡಿ ತೋಡಿ ನೀರು ತುಂಬಿಸಿ ಅದು ಇಂಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಲಿ. ಬೀದರಿನ ಲೆಕ್ಕವನ್ನು ಔರಾದಿನ ಲೆಕ್ಕಕ್ಕೆ ಹೋಲಿಸಲಿ. ಕೆಸವಿನ ಎಲೆಯ ಅರ್ಧವನ್ನು ಮೆಲ್ಲನೆ ಒರಸಿ, ಎರಡೂ ಕಡೆ ಹನಿ ಬಿಟ್ಟು ನೋಡಲಿ. ಶುಂಠಿಯ ಮೊದಲ ಮೊಳಕೆ ಯಾವ ದಿನ ಕಂಡಿತು, ಅರಿಸಿನದ ಕೊನೆಯ ಎಲೆ ಯಾವ ದಿನ ಒಣಗಿತು ಎಂಬುದನ್ನು ವರ್ಷವರ್ಷವೂ ದಾಖಲಿಸಲಿ. ಹವೆಯು ಬದಲಾಗುತ್ತಿರುವ ಈ ಕಾಲದಲ್ಲಿ ಹತ್ತು ವರ್ಷಗಳ ಇಂತಹ ದಾಖಲೆಯು ವಿಜ್ಞಾನಿಗಳಿಗೂ ಉಪಯುಕ್ತವಾಗುತ್ತದೆ.

ಜಪಾನಿನ ಬೆಟ್ಟದಲ್ಲಿ ನೀಲಿ ಹೋಸ್ಟ ಸುಖವಾಗಿರಲಿ; ಚಿತ್ರದಲ್ಲಿ ಅದನ್ನು ಕಂಡು ಸಂತೋಷಪಡೋಣ. ಆದರೆ ತನ್ನ ಊರಿನ ಚಳಿ ಎಷ್ಟು ಗಂಟೆಯದು, ಮಣ್ಣು ನೀರನ್ನು ಎಷ್ಟು ಹೊತ್ತು ಹಿಡಿದೀತು, ಯಾವ ಗಡ್ಡೆ ಯಾವ ಮಳೆಗೆ ಏಳುತ್ತದೆ ಎಂಬುದನ್ನು ಬಲ್ಲ ವಿದ್ಯಾರ್ಥಿಗೆ ತೋಟವನ್ನು ಹೇಗೆ ಕಟ್ಟಬೇಕೆಂದು ಬೇರೆಯವರು ಹೇಳಬೇಕಾಗಿಲ್ಲ. ಬರುವ ಮುಂಗಾರಿಗೆ ಒಂದು ಹಿಡಿ ಕೆಸವಿನ ಗಡ್ಡೆಯನ್ನು ತಂದು ಹೂಳಿ ನೋಡಿ.